ಹರಕೆ ಕಲ್ಲುಗಳು, ಅವುಗಳ ಕೆಳಗಿನ ಮಡಕೆಗಳು

1921ರ ಡಿಸೆಂಬರ್ ತಿಂಗಳು. ಉತ್ತರ ಆಫ್ರಿಕದ ಟ್ಯುನಿಸ್ ನಗರದಲ್ಲಿ ಪ್ರಾಚೀನ ವಸ್ತುಗಳನ್ನು ಕದ್ದು ಮಾರುವವನೊಬ್ಬ ಕೆತ್ತನೆಯ ಕಲ್ಲೊಂದನ್ನು ಮಾರಾಟಕ್ಕೆ ತಂದ. ಕಲ್ಲಿನ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ನೀಳ ಅಂಗಿ ತೊಟ್ಟು, ತಲೆಗೆ ಚಪ್ಪಟೆ ಟೋಪಿ ಧರಿಸಿದ ಒಬ್ಬ ಪುರುಷ. ಬಲಗೈಯನ್ನು ಪ್ರಾರ್ಥನೆಯ ಭಂಗಿಯಲ್ಲಿ ಎತ್ತಿದ್ದಾನೆ. ಎಡ ತೋಳಿನಲ್ಲಿ ಬಟ್ಟೆ ಸುತ್ತಿದ ಹಸುಗೂಸು.

ಈ ಕಲ್ಲು ಇಬ್ಬರು ಹವ್ಯಾಸಿ ಸಂಶೋಧಕರ ಕಣ್ಣಿಗೆ ಬಿತ್ತು. ಒಬ್ಬ ಫ್ರಾಂಸ್ವಾ ಇಕಾರ್, ಪೊಲೀಸ್ ಅಧಿಕಾರಿ. ಇನ್ನೊಬ್ಬ ಪಾಲ್ ಜಿಯೆಲ್ಲಿ. ಕಲ್ಲು ಬಂದ ಜಾಗವನ್ನು ಪತ್ತೆ ಹಚ್ಚಿದ ಇವರು ಆ ನೆಲವನ್ನೇ ಕೊಂಡು ಅಗೆಸಿದರು. ಒಂದರ ಪಕ್ಕ ಒಂದರಂತೆ ಕಲ್ಲುಗಳು ಕಾಣಿಸಿದವು. ಕಲ್ಲುಗಳ ಬುಡದಲ್ಲಿ ಬಾಯಿ ಮುಚ್ಚಿದ ಮಣ್ಣಿನ ಮಡಕೆಗಳಿದ್ದವು. ಮಡಕೆಗಳ ಒಳಗೆ ಬೂದಿ ಮತ್ತು ಸುಟ್ಟ ಪುಟ್ಟ ಎಲುಬುಗಳು. ಅವು ಎಳೆಯ ಕೂಸುಗಳ ಎಲುಬುಗಳು.

ಅಂದು ಎದ್ದ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರ ದೊರೆತಿಲ್ಲ. ಈ ಮಕ್ಕಳು ಸಹಜವಾಗಿ ಸತ್ತವೇ? ಅಥವಾ ಹೆತ್ತವರೇ ದೇವರಿಗೆ ಬಲಿ ಕೊಟ್ಟವೇ? ಒಂದು ಇಡೀ ಜನಾಂಗವನ್ನು ಶಿಶುಹಂತಕರೆಂದು ಕರೆಯಬೇಕೇ ಬೇಡವೇ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಯಾರು ಈ ಜನ?

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಇಂದಿನ ಲೆಬನಾನ್ ದೇಶದಲ್ಲಿ, ಟೈರ್, ಸಿಡಾನ್, ಬಿಬ್ಲಸ್ ಎಂಬ ಹಳೆಯ ಬಂದರು ನಗರಗಳಿದ್ದವು. ಅಲ್ಲಿನ ಜನರನ್ನು ಗ್ರೀಕರು ಫಿನೀಷಿಯನ್ನರು ಎಂದು ಕರೆದರು. ಹಡಗು ನಡೆಸುವುದರಲ್ಲಿ, ವ್ಯಾಪಾರದಲ್ಲಿ, ನೇರಳೆ ಬಣ್ಣದ ತಯಾರಿಕೆಯಲ್ಲಿ ಇವರದು ಎತ್ತಿದ ಕೈ. ವ್ಯಾಪಾರಕ್ಕಾಗಿ ಸಮುದ್ರದುದ್ದಕ್ಕೂ ನೆಲೆಗಳನ್ನು ಕಟ್ಟಿದರು. ಅವುಗಳಲ್ಲಿ ಹಿರಿದಾಗಿ ಬೆಳೆದದ್ದು ಕಾರ್ಥೇಜ್. ಅವರ ಭಾಷೆಯಲ್ಲಿ 'ಕರ್ತ್ ಹದಶ್ತ್', ಅಂದರೆ ಹೊಸ ಪಟ್ಟಣ. ಟೈರ್‌ನಿಂದ ಬಂದವರು ಕ್ರಿ.ಪೂ. 814ರಲ್ಲಿ ಇದನ್ನು ಕಟ್ಟಿದರು ಎಂಬುದು ಸಾಂಪ್ರದಾಯಿಕ ಲೆಕ್ಕ. ಇಂದು ಅದು ಟ್ಯುನಿಸ್ ನಗರದ ಅಂಚಿನಲ್ಲಿದೆ. ಪಶ್ಚಿಮಕ್ಕೆ ಬಂದು ನೆಲೆಸಿದ ಈ ಫಿನೀಷಿಯನ್ನರನ್ನು ರೋಮನರು 'ಪ್ಯೂನಿಕ್' ಜನ ಎಂದರು. ಕ್ರಿ.ಪೂ. 218ರಲ್ಲಿ ಆನೆಗಳೊಡನೆ ಆಲ್ಪ್ಸ್ ಪರ್ವತ ದಾಟಿ ರೋಮಿನ ಮೇಲೆ ದಂಡೆತ್ತಿ ಹೋದ ಹ್ಯಾನಿಬಲ್ ಇದೇ ಕಾರ್ಥೇಜಿನ ಸೇನಾನಿ.

ಕ್ರಿ.ಪೂ. 146ರಲ್ಲಿ ರೋಮನರು ಕಾರ್ಥೇಜನ್ನು ಸುಟ್ಟು ನೆಲಸಮ ಮಾಡಿದರು. ಅಲ್ಲಿನ ಪುಸ್ತಕ ಭಂಡಾರಗಳೂ ಚದುರಿಹೋದವು. ಮಾಗೊ ಎಂಬಾತ ಬರೆದಿದ್ದ ಕೃಷಿ ಗ್ರಂಥವನ್ನು ಮಾತ್ರ ರೋಮಿನ ಸೆನೆಟ್ ಲ್ಯಾಟಿನ್‌ಗೆ ಅನುವಾದ ಮಾಡಿಸಿತು. ಹೀಗಾಗಿ ಕಾರ್ಥೇಜಿನ ಬಗ್ಗೆ ನಾವು ಓದುವ ಕಥೆಗಳನ್ನು ಬರೆದವರು ಹೆಚ್ಚಾಗಿ ಅವರ ವೈರಿಗಳು. ಕಾರ್ಥೇಜಿನವರೇ ಬರೆದದ್ದು ಎಂದು ಉಳಿದಿರುವುದರಲ್ಲಿ ಬಹುಪಾಲು ಈ ಕಲ್ಲುಗಳ ಮೇಲಿನ ಒಂದೆರಡು ಸಾಲುಗಳು. ಕಾರ್ಥೇಜಿನಲ್ಲಿ ಈವರೆಗೆ ಸಿಕ್ಕಿರುವ ಶಾಸನಗಳ ಸಂಖ್ಯೆ 6000ಕ್ಕೂ ಹೆಚ್ಚು. ಇವುಗಳಲ್ಲಿ ಬಹುತೇಕ ಎಲ್ಲವೂ ಹರಕೆ ಕಲ್ಲುಗಳೇ.

ಕಲ್ಲಿನ ಮೇಲೆ ಏನಿದೆ?

ನಮ್ಮ ವೀರಗಲ್ಲು, ಮಾಸ್ತಿಕಲ್ಲುಗಳಂತೆ ನೆಲದಲ್ಲಿ ನೆಟ್ಟು ನಿಲ್ಲಿಸುವ ಕೆತ್ತನೆಯ ಕಲ್ಲನ್ನು ಪುರಾತತ್ವಜ್ಞರು 'ಸ್ಟೆಲೆ' ಎನ್ನುತ್ತಾರೆ. ಕಾರ್ಥೇಜಿನಲ್ಲಿ ಮೊದಮೊದಲು ಮರಳುಗಲ್ಲಿನಲ್ಲಿ ಕಡೆದ ದಪ್ಪ ಕಲ್ಲುಗಳನ್ನು ನೆಡುತ್ತಿದ್ದರು. ಇವು ಪುಟ್ಟ ಪೀಠದಂತೆ, ಸಿಂಹಾಸನದಂತೆ, ಗುಡಿಯಂತೆ ಇರುತ್ತಿದ್ದವು. ಕಾಲ ಕಳೆದಂತೆ ಸುಣ್ಣಕಲ್ಲಿನ ತೆಳು ಚಪ್ಪಡಿಗಳು ಬಂದವು. ಇವುಗಳ ತಲೆ ಮನೆಯ ಮಾಡಿನಂತೆ ಚೂಪು.

ಚಪ್ಪಡಿಯ ಮೇಲೆ ಮತ್ತೆ ಮತ್ತೆ ಕಾಣುವ ಕೆಲವು ಚಿಹ್ನೆಗಳಿವೆ. ಒಂದು ತ್ರಿಕೋನ, ಅದರ ತುದಿಯಲ್ಲಿ ಒಂದು ಅಡ್ಡಗೆರೆ, ಮೇಲೆ ಒಂದು ವೃತ್ತ. ಲಂಗ ತೊಟ್ಟು ಕೈ ಚಾಚಿ ನಿಂತ ಹೆಣ್ಣಿನಂತೆ ಕಾಣುವ ಇದಕ್ಕೆ 'ತಾನಿತ್ ಚಿಹ್ನೆ' ಎಂದು ಹೆಸರು. ತಾನಿತ್ ಕಾರ್ಥೇಜಿನ ಮುಖ್ಯ ದೇವತೆ. ಇದಲ್ಲದೆ ಅರ್ಧಚಂದ್ರ, ಎತ್ತಿದ ಅಂಗೈ, ಸೀಸೆಯಾಕಾರದ ಮೂರ್ತಿ, ತಾಳೆಯ ಮರ, ಟಗರು, ಹಡಗು ಮೊದಲಾದವೂ ಉಂಟು.

ಈ ಬರಹವನ್ನು ಓದುವ ಕೀಲಿಕೈ ಸಿಕ್ಕಿದ್ದೂ ಇಂಥದೇ ಹರಕೆ ಕಲ್ಲುಗಳಿಂದ. ಮಾಲ್ಟಾ ದ್ವೀಪದಲ್ಲಿ ದೊರೆತ ಎರಡು ಅಮೃತಶಿಲೆಯ ಕಂಬಗಳ ಮೇಲೆ ಒಂದೇ ವಿಷಯ ಗ್ರೀಕ್ ಮತ್ತು ಫಿನೀಷಿಯನ್ ಭಾಷೆಗಳೆರಡರಲ್ಲೂ ಇತ್ತು. ಫ್ರಾನ್ಸಿನ ವಿದ್ವಾಂಸ ಬಾರ್ತೆಲೆಮಿ ಇದರ ನೆರವಿನಿಂದ 1758ರಲ್ಲಿ ಫಿನೀಷಿಯನ್ ಲಿಪಿಯನ್ನು ಬಿಡಿಸಿದ. ಅದರಲ್ಲಿ ಇರುವುದು 22 ಅಕ್ಷರಗಳು. ಎಲ್ಲವೂ ವ್ಯಂಜನಗಳೇ, ಸ್ವರಗಳನ್ನು ಓದುವವನೇ ಸೇರಿಸಿಕೊಳ್ಳಬೇಕು. ಬರೆಯುವುದು ಬಲದಿಂದ ಎಡಕ್ಕೆ. ಗ್ರೀಕ್ ಲಿಪಿ ಹುಟ್ಟಿದ್ದು ಇದರಿಂದ. ಇದರ ಇನ್ನೊಂದು ಕವಲು ಅರಾಮಿಕ್ ಲಿಪಿ. ನಮ್ಮ ಕನ್ನಡ ಲಿಪಿಗೆ ಮೂಲವಾದ ಬ್ರಾಹ್ಮಿಯೂ ಅರಾಮಿಕ್‌ನಿಂದ ಪ್ರೇರಣೆ ಪಡೆಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ.

ಕಲ್ಲುಗಳ ಮೇಲಿನ ಒಕ್ಕಣೆ ಹೆಚ್ಚು ಕಡಿಮೆ ಒಂದೇ. ಅದರ ಸಾರಾಂಶ ಇಷ್ಟು: ಒಡತಿ ತಾನಿತ್‌ಗೂ ಒಡೆಯ ಬಾಅಲ್ ಹಮ್ಮೋನ್‌ಗೂ, ಇಂಥವರ ಮೊಮ್ಮಗ, ಇಂಥವರ ಮಗ, ಇಂಥವನು ಹರಕೆ ಹೊತ್ತು ಒಪ್ಪಿಸಿದ್ದು, ಏಕೆಂದರೆ ದೇವರು ಅವನ ಕೂಗನ್ನು ಕೇಳಿದ, ಅವನನ್ನು ಹರಸಿದ. ಹರಕೆ ಹೊತ್ತವರಲ್ಲಿ ಹೆಂಗಸರೂ ಇದ್ದಾರೆ. ಅಧಿಕಾರಿಗಳು, ಪುರೋಹಿತರು, ಲಿಪಿಕಾರರು, ಕುಶಲಕರ್ಮಿಗಳು ಇದ್ದಾರೆ. ಹ್ಯಾನಿಬಲ್, ಹಮಿಲ್ಕರ್, ಹ್ಯಾನೊ ಎಂಬ ಹೆಸರುಗಳು ಪದೇ ಪದೇ ಬರುತ್ತವೆ.

ಒಂದು ಸಂಗತಿಯನ್ನು ಗಮನಿಸಿ. ಕಲ್ಲಿನ ಮೇಲೆ ಅಜ್ಜನ ಹೆಸರಿದೆ, ಅಪ್ಪನ ಹೆಸರಿದೆ, ದೇವರ ಹೆಸರಿದೆ. ಕೆಳಗೆ ಮಡಕೆಯಲ್ಲಿರುವ ಕೂಸಿನ ಹೆಸರಿಲ್ಲ. ಫಿನೀಷಿಯನ್ನರ ತವರಾದ ಟೈರ್‌ನ ಅಲ್ ಬಾಸ್ ಎಂಬಲ್ಲಿ ಸ್ಪೇನಿನ ಪುರಾತತ್ವಜ್ಞೆ ಮರಿಯಾ ಔಬೆಟ್ ಅವರ ತಂಡ 1997ರಿಂದ ಒಂದು ಸ್ಮಶಾನವನ್ನು ಅಗೆಯಿತು. ಅಲ್ಲಿಯೂ ಸುಟ್ಟ ಎಲುಬುಗಳ ಮಡಕೆಗಳಿವೆ, ನೆಟ್ಟ ಕಲ್ಲುಗಳಿವೆ. ಆದರೆ ಅದು ವಯಸ್ಕರ ಸ್ಮಶಾನ; ಕಲ್ಲಿನ ಮೇಲಿರುವುದು ಸತ್ತವರ ಹೆಸರು. ಕಾರ್ಥೇಜಿನ ಕಲ್ಲುಗಳಲ್ಲಿ ಕೊಟ್ಟವರ ಹೆಸರಿದೆ. ಈ ವ್ಯತ್ಯಾಸ ಚಿಕ್ಕದಲ್ಲ.

'ತೋಫೆತ್' ಎಂಬ ಹೆಸರು

ಇಂಥ ಜಾಗಗಳನ್ನು ಇಂದು 'ತೋಫೆತ್' ಎಂದು ಕರೆಯುತ್ತಾರೆ. ಇದು ಕಾರ್ಥೇಜಿನವರು ಇಟ್ಟ ಹೆಸರಲ್ಲ. ಜೆರೂಸಲೇಮಿನ ಬಳಿಯ ಒಂದು ಕಣಿವೆಯಲ್ಲಿ ಮಕ್ಕಳನ್ನು ಬೆಂಕಿಗೆ ಅರ್ಪಿಸುತ್ತಿದ್ದ ಸ್ಥಳ ಎಂದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಹೆಸರು. ಅದನ್ನು ಆಧುನಿಕ ವಿದ್ವಾಂಸರು ತಂದು ಇಲ್ಲಿಗೆ ಅಂಟಿಸಿದರು. ಅಂದರೆ ಹೆಸರಿನಲ್ಲೇ ತೀರ್ಪು ಅಡಗಿದೆ!

ತೀರ್ಪು ಅಗೆತಕ್ಕಿಂತ ಮುಂಚೆಯೇ ಬಂದಿತ್ತು. ಕ್ರಿ.ಪೂ. ಮೊದಲನೆಯ ಶತಮಾನದ ಗ್ರೀಕ್ ಲೇಖಕ ಡಿಯೊಡೋರಸ್ ಒಂದು ಘಟನೆ ಹೇಳುತ್ತಾನೆ. ಕ್ರಿ.ಪೂ. 310ರಲ್ಲಿ ಶತ್ರುಸೈನ್ಯ ಕಾರ್ಥೇಜಿನ ಬಾಗಿಲಿಗೆ ಬಂದಾಗ, ದೇವರು ಮುನಿದಿದ್ದಾನೆ ಎಂದು ಹೆದರಿದ ಜನ ಕುಲೀನ ಮನೆತನಗಳ 200 ಮಕ್ಕಳನ್ನು ಆರಿಸಿ ಬಲಿ ಕೊಟ್ಟರಂತೆ. ಕಂಚಿನ ವಿಗ್ರಹದ ಇಳಿಜಾರಾಗಿ ಚಾಚಿದ ಕೈಗಳಿಂದ ಮಗು ಉರುಳಿ ಬೆಂಕಿಯ ಕುಂಡಕ್ಕೆ ಬೀಳುತ್ತಿತ್ತಂತೆ. ಫ್ರಾನ್ಸಿನ ಕಾದಂಬರಿಕಾರ ಫ್ಲೋಬೇರ್ 1862ರಲ್ಲಿ ಪ್ರಕಟಿಸಿದ 'ಸಲಾಂಬೊ' ಕಾದಂಬರಿಯಲ್ಲಿ ಇಂಥ ಬಲಿಯನ್ನು ಮೈ ನಡುಗುವಂತೆ ಚಿತ್ರಿಸಿದ. ತೋಫೆತ್ ಇರುವ ಬಡಾವಣೆಗೆ ಆ ಕಾದಂಬರಿಯದೇ ಹೆಸರು. ಇಂಥ ಚಿತ್ರಗಳು ಆಗಲೇ ಪ್ರಚಲಿತವಾಗಿದ್ದಾಗ, 1921ರಲ್ಲಿ ಮಗುವನ್ನು ಎತ್ತಿಕೊಂಡ ಪುರುಷನ ಕಲ್ಲು ಸಿಕ್ಕಿತು. ನೋಡಿದವರಿಗೆ ಅವನು ಬಲಿಗೆ ಮಗುವನ್ನು ಒಯ್ಯುವ ಪುರೋಹಿತನಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಲ್ಲಿನ ಮೇಲೆ ಕತ್ತಿಯಿಲ್ಲ, ಬೆಂಕಿಯಿಲ್ಲ. ಮಗುವಿಗೆ ದೇವರ ಆಶೀರ್ವಾದ ಬೇಡುತ್ತಿದ್ದಾನೆ ಎಂದರೂ ಚಿತ್ರಕ್ಕೆ ಒಪ್ಪುತ್ತದೆ.

ಇನ್ನೊಂದು ಸಂಗತಿ: ಕಾರ್ಥೇಜಿನ ಪತನವನ್ನು ಕಣ್ಣಾರೆ ಕಂಡ ಇತಿಹಾಸಕಾರ ಪಾಲಿಬಿಯಸ್ ಆಗಲಿ, ಯುದ್ಧಗಳನ್ನು ವಿವರವಾಗಿ ಬರೆದ ಲಿವಿ ಆಗಲಿ, ಉಳಿದುಬಂದಿರುವ ಬರಹಗಳಲ್ಲಿ ಕಾರ್ಥೇಜಿನ ಶಿಶುಬಲಿಯ ಸುದ್ದಿ ಎತ್ತಿಲ್ಲ.

ಮಡಕೆಯಿಂದ ಅಗಲಿದ ಕಲ್ಲು

ಕಲ್ಲುಗಳು ಮೊದಲ ಬಾರಿ ಸಿಕ್ಕಿದ್ದು 1921ರಲ್ಲಿ ಅಲ್ಲ. ಡಚ್ ಎಂಜಿನಿಯರ್ ಹುಂಬರ್ಟ್‌ಗೆ 1817ರಲ್ಲೇ ಕೆಲವು ದೊರೆತಿದ್ದವು. 1870ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಮರಿ ಎಂಬಾತ 2000ಕ್ಕೂ ಹೆಚ್ಚು ಕಲ್ಲುಗಳನ್ನು ಸಂಗ್ರಹಿಸಿ 'ಮಜೆಂಟಾ' ಎಂಬ ಯುದ್ಧನೌಕೆಗೆ ತುಂಬಿಸಿದ. ಆ ಹಡಗು 1875ರ ಅಕ್ಟೋಬರ್ 31ರಂದು ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಬೆಂಕಿ ಹೊತ್ತಿ, ಸಿಡಿದು, ಮುಳುಗಿತು. ಅನೇಕ ಕಲ್ಲುಗಳನ್ನು ಆಗಲೇ ಮೇಲೆತ್ತಿದರು. 1990ರ ದಶಕದಲ್ಲಿ ಸಾಗರ ಪುರಾತತ್ವಜ್ಞರು ಮತ್ತಷ್ಟನ್ನು ಹೊರತೆಗೆದರು.

ಆದರೆ ಈ ಕಲ್ಲುಗಳೆಲ್ಲ ಮೂಲ ಜಾಗದಿಂದ ಹಿಂದೆಯೇ ಕಿತ್ತು ಬೇರೆಡೆ ಬಿದ್ದಿದ್ದವು. ಅವುಗಳ ಕೆಳಗೆ ಯಾವ ಮಡಕೆ ಇತ್ತು, ಅದರಲ್ಲಿ ಏನಿತ್ತು ಎಂಬುದನ್ನು ತಿಳಿಯುವ ದಾರಿ ಇನ್ನಿಲ್ಲ. ಮಾತು ಇರುವುದು ಕಲ್ಲಿನಲ್ಲಿ, ಎಲುಬು ಇರುವುದು ಮಡಕೆಯಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಪ್ರಶ್ನೆಗೆ ಅರ್ಥ. ಕಲ್ಲು ಮಡಕೆಯ ಮೇಲೆಯೇ ಉಳಿದಿದ್ದ ಜಾಗ ಸಿಕ್ಕಿತೆಂಬುದೇ 1921ರ ಶೋಧದ ಮಹತ್ವ. ಅದನ್ನು ಮೊದಲು ಕಂಡವರು ಕಳ್ಳ ಅಗೆತಗಾರರು ಎಂಬುದು ದುರದೃಷ್ಟ.

ಅನಂತರ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಲ್ಸಿ 1925ರಲ್ಲಿ ಅಲ್ಲಿ ಕ್ರಮಬದ್ಧವಾಗಿ ಅಗೆದರು. 1970ರ ದಶಕದ ಕೊನೆಯಲ್ಲಿ ಲಾರೆನ್ಸ್ ಸ್ಟೇಗರ್ ನೇತೃತ್ವದ ತಂಡ ನೂರಾರು ಮಡಕೆಗಳನ್ನು ಜಾಗ ಗುರುತಿಸಿಕೊಂಡು ಹೊರತೆಗೆಯಿತು. ಸಿಸಿಲಿಯ ಬಳಿಯ ಮೋಟ್ಯಾ ದ್ವೀಪದಲ್ಲಿ 1000ಕ್ಕೂ ಹೆಚ್ಚು ಕಲ್ಲುಗಳು ಸಿಕ್ಕಿದವು. ಸಾರ್ಡಿನಿಯದ ಥಾರೋಸ್, ನೋರಾ, ಸುಲ್ಕಿಸ್‌ಗಳಲ್ಲೂ ಇಂಥ ಜಾಗಗಳಿವೆ.

ಹಲ್ಲು ಹೇಳುವ ಸಾಕ್ಷ್ಯ

ಇನ್ನು ವಿಜ್ಞಾನದ ವಿಷಯಕ್ಕೆ ಬರೋಣ. ಮಗು ಹೇಗೆ ಸತ್ತಿತೆಂದು ಸುಟ್ಟ ಎಲುಬು ಹೇಳುವುದಿಲ್ಲ. ಹೆಚ್ಚು ಶಾಖದಲ್ಲಿ ಸುಟ್ಟ ಎಲುಬಿನಲ್ಲಿ ಡಿಎನ್‌ಎ ಉಳಿಯುವುದೂ ವಿರಳ. ಆದರೆ ಎಷ್ಟು ವಯಸ್ಸಿನಲ್ಲಿ ಸತ್ತಿತೆಂದು ಊಹಿಸಬಹುದು. ಅಲ್ಲಿಂದ ಒಂದು ತರ್ಕ ಹೊರಡುತ್ತದೆ. ಸಹಜ ಶಿಶುಮರಣಗಳಲ್ಲಿ ಹೆಚ್ಚಿನವು ಹೆರಿಗೆಯ ಹೊತ್ತಿಗೆ ಮತ್ತು ಮೊದಲ ಕೆಲವು ದಿನಗಳಲ್ಲಿ ಆಗುತ್ತವೆ. ಆಮೇಲೆ ಸಂಖ್ಯೆ ಇಳಿಯುತ್ತದೆ. ಮಡಕೆಯ ಕೂಸುಗಳ ವಯಸ್ಸೂ ಹೀಗೇ ಇದ್ದರೆ ಇದು ಸ್ಮಶಾನ. ಹುಟ್ಟಿ ಒಂದೆರಡು ತಿಂಗಳಾದ ಮಕ್ಕಳೇ ಹೆಚ್ಚಾಗಿದ್ದರೆ, ಯಾರೋ ಆರಿಸಿ ತಂದಿದ್ದಾರೆ ಎಂಬ ಸಂಶಯಕ್ಕೆ ಬಲ ಬರುತ್ತದೆ.

ವಯಸ್ಸು ತಿಳಿಯುವುದು ಹೇಗೆ? ಮಗು ಹೊಟ್ಟೆಯಲ್ಲಿದ್ದಾಗಲೇ ಹಾಲುಹಲ್ಲಿನ ಎನಾಮೆಲ್ ಪದರ ಪದರವಾಗಿ ಬೆಳೆಯತೊಡಗುತ್ತದೆ. ಹುಟ್ಟುವ ಹೊತ್ತಿನ ಆಘಾತದಿಂದ ಆ ಪದರಗಳ ನಡುವೆ ಒಂದು ಗೆರೆ ಮೂಡುತ್ತದೆ. ಇದನ್ನು ಜನನರೇಖೆ ಎನ್ನಬಹುದು. ಮಗು ಒಂದೆರಡು ವಾರವಾದರೂ ಬದುಕಿದ್ದರೆ ಆ ಗೆರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಜೆಫ್ರಿ ಶ್ವಾರ್ಟ್ಸ್ ಮತ್ತು ಸಂಗಡಿಗರು ಕಾರ್ಥೇಜಿನ 348 ಮಡಕೆಗಳಲ್ಲಿದ್ದ 540 ಮಕ್ಕಳ ಅವಶೇಷಗಳನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷಿಸಿದ 50 ಹಲ್ಲುಗಳಲ್ಲಿ 26ರಲ್ಲಿ ಜನನರೇಖೆ ಇರಲಿಲ್ಲ. ಅನೇಕ ಕೂಸುಗಳು ಹೊಟ್ಟೆಯಲ್ಲೇ ಸತ್ತವು ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು, ಆದ್ದರಿಂದ ಇದನ್ನು ವ್ಯವಸ್ಥಿತ ಶಿಶುಬಲಿ ಎನ್ನಲಾಗದು ಎಂಬುದು ಅವರ ತೀರ್ಮಾನ.

ಮರುವರ್ಷವೇ ಪೆಟ್ರೀಷಿಯಾ ಸ್ಮಿತ್, ಸ್ಟೇಗರ್ ಮತ್ತಿತರರು ಇದನ್ನು ಅಲ್ಲಗಳೆದರು. ಹಸಿ ಇಟ್ಟಿಗೆ ಗೂಡಿನಲ್ಲಿ ಸುಟ್ಟಾಗ ಕುಗ್ಗುವಂತೆ ಹಲ್ಲೂ ಚಿತೆಯ ಶಾಖಕ್ಕೆ ಕುಗ್ಗುತ್ತದೆ. ಕುಗ್ಗಿದ ಹಲ್ಲನ್ನು ಅಳೆದರೆ ಮಗು ಇದ್ದುದಕ್ಕಿಂತ ಎಳೆಯದಾಗಿ ಕಾಣುತ್ತದೆ. ಸುಟ್ಟ ಹಲ್ಲಿನಲ್ಲಿ ಜನನರೇಖೆ ಕಾಣದಿದ್ದರೆ ಅದು ಇರಲೇ ಇಲ್ಲ ಎನ್ನಲಾಗದು. ಈ ದೋಷವನ್ನು ಸರಿಪಡಿಸಿ ಲೆಕ್ಕ ಹಾಕಿದರೆ ಒಂದರಿಂದ ಒಂದೂವರೆ ತಿಂಗಳ ಮಕ್ಕಳೇ ಅಧಿಕ ಎಂಬುದು ಅವರ ವಾದ. ಎಷ್ಟು ಕುಗ್ಗಿತೆಂದು ಹಿಡಿಯಬೇಕು ಎಂಬುದರಲ್ಲಿ ಎರಡೂ ಗುಂಪುಗಳ ಜಗಳ ಆಮೇಲೂ ಮುಂದುವರಿಯಿತು. ಒಂದೇ ಅಗೆತದ ಮಡಕೆಗಳು, ಉತ್ತರ ಎರಡು!

ಒಂದು ಲೆಕ್ಕ ಮಾಡೋಣ

ಕ್ರಿ.ಪೂ. 400ರಿಂದ 200ರವರೆಗಿನ ಅವಧಿಯಲ್ಲಿ ಸುಮಾರು 20,000 ಮಡಕೆಗಳನ್ನು ಇಲ್ಲಿ ಹೂಳಲಾಗಿದೆ ಎಂದು ಸ್ಟೇಗರ್ ಅಂದಾಜು ಮಾಡಿದ್ದರು. ವರ್ಷಕ್ಕೆ ಎಷ್ಟಾಯಿತು? 100. ಅಂದರೆ ಮೂರು ನಾಲ್ಕು ದಿನಕ್ಕೊಂದು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇಲ್ಲಿಗೇ ನಿಲ್ಲಬೇಡಿ.

ಲೆಕ್ಕಕ್ಕಾಗಿ ನಗರದ ಜನಸಂಖ್ಯೆ 50,000 ಎಂದು ಇಟ್ಟುಕೊಳ್ಳಿ. ಸಾವಿರಕ್ಕೆ 40ರಂತೆ ವರ್ಷಕ್ಕೆ 2000 ಹೆರಿಗೆ. ಪ್ರಾಚೀನ ಕಾಲದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗು ವರ್ಷ ತುಂಬುವ ಮೊದಲೇ ಸಾಯುತ್ತಿತ್ತೆಂಬ ಅಂದಾಜಿದೆ. ಹಾಗಾದರೆ ವರ್ಷಕ್ಕೆ 500 ಶಿಶುಮರಣ. ತೋಫೆತ್‌ಗೆ ಬಂದದ್ದು 100. ಇದು ಬರೀ ಶಿಶುಗಳ ಸ್ಮಶಾನ ಎನ್ನುವವರು ಉಳಿದ 400 ಎಲ್ಲಿ ಹೋದವು ಎಂದು ಹೇಳಬೇಕಾಗುತ್ತದೆ. ಬಲಿ ಎನ್ನುವವರು ಇದು ಇಡೀ ಊರಿನ ಪದ್ಧತಿಯಲ್ಲ, ಕೆಲವೇ ಮನೆಗಳ ಹರಕೆ ಎಂದು ಒಪ್ಪಬೇಕಾಗುತ್ತದೆ.

ಶಾಸನವೂ ಹೀಗೆಯೇ ಎರಡು ಅಲುಗಿನ ಕತ್ತಿ. ದೇವರು ಕೂಗು ಕೇಳಿ ಹರಸಿದನೆಂದು ಮಗುವನ್ನು ಕಳೆದುಕೊಂಡವರು ಕಲ್ಲು ನೆಡಿಸುತ್ತಾರೆಯೇ? ಇದು ಹರಕೆ ಸಂದಾಯ ಮಾಡಿದವರ ಮಾತಲ್ಲವೇ? ಇದು ಬಲಿಯ ಪರ ವಾದಿಸುವವರ ಪ್ರಶ್ನೆ. ಅವರಿಗೆ ಇನ್ನೊಂದು ಆಧಾರವೂ ಇದೆ: ಕೆಲವು ಮಡಕೆಗಳಲ್ಲಿ ಕೂಸಿನ ಬದಲು ಕುರಿಮರಿಯ ಅಥವಾ ಆಡುಮರಿಯ ಸುಟ್ಟ ಎಲುಬುಗಳಷ್ಟೇ ಇವೆ. ಅದು ಬರೀ ಸ್ಮಶಾನವಾಗಿದ್ದರೆ ಕುರಿಮರಿಗೆ ಅಲ್ಲೇನು ಕೆಲಸ? ಎದುರು ಪಕ್ಷದವರು ಹೇಳುತ್ತಾರೆ: ಅಕಾಲದಲ್ಲಿ ಸತ್ತ ಕೂಸನ್ನು ದೇವರಿಗೇ ಒಪ್ಪಿಸಿ, ಮತ್ತೊಂದು ಮಗುವನ್ನು ಬೇಡಿದ್ದಿರಬಹುದು, ಆ ಮಗು ಹುಟ್ಟಿದ ಮೇಲೆ ಕಲ್ಲು ನೆಟ್ಟಿರಬಹುದು, ಮರಿಯನ್ನು ಆಗ ಒಪ್ಪಿಸಿರಬಹುದು.

ಇಂದು ಅನೇಕ ವಿದ್ವಾಂಸರು ಬಲಿಯ ಕಡೆಗೆ ವಾಲಿದ್ದಾರೆ. ಪಾವೊಲೊ ಕ್ಸೆಲ್ಲಾ, ಜೋಸೆಫೀನ್ ಕ್ವಿನ್ ಮುಂತಾದವರು 2013ರಲ್ಲಿ ಶಾಸನ, ಎಲುಬು, ಪ್ರಾಚೀನ ಬರಹ ಮೂರನ್ನೂ ಒಟ್ಟಿಗೆ ಇಟ್ಟು ಈ ಮಾತನ್ನು ಸಮರ್ಥಿಸಿದರು. ಆದರೂ ಮೊಕದ್ದಮೆ ಮುಗಿದಿಲ್ಲ. ಎರಡೂ ಬಗೆಯ ಕೂಸುಗಳು ಅಲ್ಲಿ ಇರಬಹುದೆಂಬ ನಡುದಾರಿಯೂ ಇದೆ.

ಹೆಸರು ಸಿಕ್ಕಿದ ಒಂದು ಮಗು

ವಿಜ್ಞಾನದ ಪ್ರಯೋಗ ಬರೆಯುವಾಗ 'ವೀಕ್ಷಣೆ', 'ತೀರ್ಮಾನ' ಎಂದು ಎರಡು ಶೀರ್ಷಿಕೆಗಳನ್ನು ಬೇರೆ ಬೇರೆ ಬರೆಯಿಸುತ್ತೇವೆ. ಇದು ಅಂಕಕ್ಕಾಗಿ ಮಾತ್ರ ಎಂದು ಮಕ್ಕಳು ತಿಳಿಯುತ್ತಾರೆ. ಕಾರ್ಥೇಜಿನ ಕಲ್ಲುಗಳನ್ನು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಮಡಕೆಯಲ್ಲಿ ಸುಟ್ಟ ಎಲುಬು ಇದೆ ಎಂಬುದು ವೀಕ್ಷಣೆ. ತಂದೆ ಕೊಂದ ಎಂಬುದು ತೀರ್ಮಾನ. ನಡುವಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಯದೆ ಹಾರಿದವರು ತೀರ್ಪನ್ನು ಮೊದಲು ಬರೆದು ಸಾಕ್ಷ್ಯವನ್ನು ಆಮೇಲೆ ಹುಡುಕಿದರು. ಶತ್ರುಗಳು ಹೇಳಿದರೆಂಬ ಮಾತ್ರಕ್ಕೆ ಒಂದು ಅಪವಾದ ಸುಳ್ಳಾಗುವುದಿಲ್ಲ. ಮನಸ್ಸಿಗೆ ಕಹಿಯೆನಿಸಿತೆಂದೂ ಸುಳ್ಳಾಗುವುದಿಲ್ಲ. ಎರಡನ್ನೂ ನೆನಪಿಡಬೇಕು.

ಕಾರ್ಥೇಜ್ ನಾಶವಾದ ಮೇಲೂ ಉತ್ತರ ಆಫ್ರಿಕದಲ್ಲಿ ಹರಕೆ ಕಲ್ಲುಗಳ ಪದ್ಧತಿ ನಿಲ್ಲಲಿಲ್ಲ. ಬಾಅಲ್ ಹಮ್ಮೋನ್‌ಗೆ ರೋಮನರ ಸ್ಯಾಟರ್ನ್ ದೇವರ ಹೆಸರು ಬಂತು. ಇಂದಿನ ಅಲ್ಜೀರಿಯದ ಎನ್‌ಗೌಸ್ ಎಂಬಲ್ಲಿ ಕ್ರಿ.ಶ. 200ರ ಆಸುಪಾಸಿನ ಕೆಲವು ಕಲ್ಲುಗಳು ಸಿಕ್ಕಿವೆ. ಭಾಷೆ ಲ್ಯಾಟಿನ್, ಆದರೆ ಅರ್ಪಣೆಯ ಹೆಸರು ಹಳೆಯ ಪ್ಯೂನಿಕ್ ಪದ 'ಮೊಲ್ಖೊಮೊರ್', ಅಂದರೆ ಕುರಿಮರಿಯ ಬಲಿ. ಜೀವಕ್ಕೆ ಜೀವ, ರಕ್ತಕ್ಕೆ ರಕ್ತ, ಪ್ರಾಣಕ್ಕೆ ಪ್ರಾಣ ಎಂದು ಹೇಳಿ, ಬದಲಿಯಾಗಿ ಮರಿಯನ್ನು ಒಪ್ಪಿಸಿದ್ದನ್ನು ಆ ಕಲ್ಲು ತಿಳಿಸುತ್ತದೆ.

ಯಾರಿಗೆ ಬದಲಿಯಾಗಿ? ಕಾರ್ಥೇಜಿನ ಸಾವಿರಾರು ಕಲ್ಲುಗಳಲ್ಲಿ ಕಾಣದ ವಿವರ ಇಲ್ಲಿದೆ. ಮಗುವಿನ ಹೆಸರು ಬರೆದಿದ್ದಾರೆ. ಅವಳು ಕೊನ್ಸೆಸ್ಸಾ. ಅವಳ ಕ್ಷೇಮಕ್ಕಾಗಿ ಈ ಹರಕೆ.